ವಲ್ಲಿಯ ಕೆಳಗೊಂದು ಡಬ್ಬಿ

ನಾನು ಸಂಶಯದ ಮನುಷ್ಯ. ಹೀಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಮೊಣಕಾಲು ನೋವು, ನನಗೆ ಇದು. 'ನಂಬಿಕೆಯೇ ನಮ್ಮ ಬಂಡವಾಳ' ಎಂದು ಬೋರ್ಡು ಹಾಕಿದ ಅಂಗಡಿಗೆ ಹೋದರೆ, ಹಾಗಾದರೆ ಕಪಾಟಿನಲ್ಲಿ ಇಟ್ಟಿರುವುದೇನು ಎಂದು ಕೇಳಬೇಕೆನಿಸುತ್ತದೆ. ಕಲ್ಲಂಗಡಿ ಹಣ್ಣನ್ನು ನಾಲ್ಕೂ ಕಡೆ ತಟ್ಟಿ, ಪಕ್ಕದಲ್ಲಿ ನಿಂತ ಗಿರಾಕಿಯಿಂದಲೂ ತಟ್ಟಿಸಿ, ಆ ಗಿರಾಕಿ ಅಂಗಡಿಯವನ ಕಡೆಯವನಿರಬಹುದೇ ಎಂದು ಯೋಚಿಸಿ, ಕೊನೆಗೆ ಬಾಳೆಹಣ್ಣು ತೆಗೆದುಕೊಂಡು ಮನೆಗೆ ಬರುವವನು ನಾನು. ಬಾಳೆಹಣ್ಣಿನ ಹೊರಗೊಂದು ಒಳಗೊಂದು ಇರುವುದು ಕಡಿಮೆ. ನನ್ನ ಹೆಂಡತಿ ಸುನಂದಾ ಮಾತ್ರ ಇದನ್ನು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. "ನನ್ನ ನೋಡಾಕ ಬಂದಾಗ ಇವ್ರು ನಮ್ಮಪ್ಪನ ಮಾತ ಕೇಳಿ, ಹೋಗೂವಾಗ ಬಾಜೂಮನಿಯವ್ರನ್ನೂ ಕೇಳಿ ಹೋಗಿದ್ರರಿ" ಎನ್ನುತ್ತಾಳೆ. ಅದು ಖರೆ. ಬಾಜೂಮನಿಯವರು ಒಳ್ಳೆಯ ಮಾತನ್ನೇ ಆಡಿದ್ದರು ಎಂಬುದನ್ನು ಅವಳು ಹೇಳುವುದಿಲ್ಲ.

ದೇವರು ಕೊಟ್ಟ ಗುಣಕ್ಕೆ ತಕ್ಕ ನೌಕರಿಯೂ ಸಿಕ್ಕಿತು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ ನನ್ನದು. ಗೋಕಾಕದಿಂದ ಮೂಡಲಗಿ, ಗೋಕಾಕದಿಂದ ಹುಕ್ಕೇರಿ, ನಡುವೆ ಎಲ್ಲಿ ಬೇಕಾದರೂ ಕೈಮಾಡಿ ಬಸ್ಸು ನಿಲ್ಲಿಸಿ ಹತ್ತುತ್ತೇನೆ. ನಿಜವಾಗಿ ನಿದ್ದೆ ಹೋದವನ ಬಾಯಿ ತೆರೆದಿರುತ್ತದೆ, ಟಿಕೆಟ್ ತೆಗೆಸದವನ ನಿದ್ದೆಯಲ್ಲಿ ಬಾಯಿ ಗಟ್ಟಿಯಾಗಿ ಮುಚ್ಚಿರುತ್ತದೆ. ಇಂಥವು ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಅರ್ಧ ಬಸ್ಸಿನ ಮೇಲೆ ಸಂಶಯಪಡುವ ಸುಖ ಕಡಿಮೆಯಾಯಿತು. ಆದರೂ ಉಳಿದ ಅರ್ಧದಿಂದ ಹೇಗೋ ದಿನ ಸಾಗುತ್ತಿದೆ.

ನನಗೆ ಇನ್ನೊಂದು ಮಾನವಿತ್ತು, ಅದು ಕಿವಿಯದು. ನಮ್ಮ ಭಾಗದಲ್ಲಿ ಹಳ್ಳಿಗೊಂದು ಭಜನಾ ಮೇಳ, ಮೇಳಕ್ಕೊಂದು ಜಗಳ, ಅವೆಲ್ಲ ಬಗೆಹರಿಯಲು ವರ್ಷಕ್ಕೊಮ್ಮೆ ಸ್ಪರ್ಧೆ. ಆ ಸ್ಪರ್ಧೆಗಳಿಗೆ ಬಹಳ ವರ್ಷಗಳಿಂದ ನಾನೇ ನಿರ್ಣಾಯಕ. ಹಾಡಲು ನನಗೆ ಬರುವುದಿಲ್ಲ, ಹಾರ್ಮೋನಿಯಂ ಮುಟ್ಟಿದವನೂ ಅಲ್ಲ. ಆದರೆ ಸಾಲಾಗಿ ಕುಳಿತ ತಾಳದವರಲ್ಲಿ ಯಾರ ತಾಳ ಕೂದಲೆಳೆಯಷ್ಟು ಹಿಂದೆ ಬಿತ್ತು ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. "ಗೋಕಾಕದ ಸಾಹೇಬ್ರು ಕುಂತಾರ, ಜ್ವಾಕಿಲೇ ಹೊಡೀರಿ" ಎಂದು ಮೇಳದವರು ತಮ್ಮತಮ್ಮಲ್ಲೇ ಪಿಸುಗುಡುವುದೂ ನನಗೆ ಕೇಳಿಸುತ್ತಿತ್ತು. ಬಸ್ಸಿನಲ್ಲಿ ನನ್ನನ್ನು ಕಂಡು ಮುಖ ತಿರುಗಿಸುವ ಮಂದಿಯೇ ಭಜನೆಯ ಮಂಟಪದಲ್ಲಿ ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು. ಇಡೀ ಜನ್ಮದಲ್ಲಿ ನನಗೆ ಪ್ರೀತಿಯಿಂದ ಸಿಕ್ಕ ಕುರ್ಚಿ ಅದೊಂದೇ.

ಕಳೆದ ಚಳಿಗಾಲದಲ್ಲಿ ನಾಗನೂರಿನ ಸ್ಪರ್ಧೆಯಲ್ಲಿ ಆ ಕುರ್ಚಿಯ ಮೇಲೆ ಕುಳಿತಾಗ ತಾಳಗಳು ಬಟ್ಟೆಯಲ್ಲಿ ಸುತ್ತಿ ಬಾರಿಸಿದಂತೆ ಕೇಳಿದವು. ಮೊದಲು ಮೈಕಿನವನ ಮೇಲೆ ಸಂಶಯಪಟ್ಟೆ. ಆಮೇಲೆ ಗಾಳಿಯ ಮೇಲೆ. ಮನೆಗೆ ಬಂದ ಮೇಲೆ ಗಮನಿಸಿದರೆ ಸೊಳ್ಳೆಗಳು ಕಚ್ಚುತ್ತಿವೆ, ಆದರೆ ಸದ್ದು ಮಾಡುವುದನ್ನು ಬಿಟ್ಟಿವೆ. ಯಾವುದೋ ಹೊಸ ಜಾತಿ ಬಂದಿರಬೇಕು ಎಂದುಕೊಂಡೆ. ಕಂಡಕ್ಟರನ ಸೀಟಿಯೂ ಮೊದಲಿನಂತೆ ಚುಚ್ಚುತ್ತಿರಲಿಲ್ಲ. ಇಲಾಖೆಯವರು ಅಗ್ಗದ ಸೀಟಿ ಕೊಟ್ಟಿದ್ದಾರೆಂದು ತೀರ್ಮಾನಿಸಿದೆ. ಹೀಗೆ ಲೋಕದ ಮೇಲೆಲ್ಲ ಸಂಶಯಪಟ್ಟು ಮುಗಿದ ಮೇಲೆ ಒಂದೇ ಒಂದು ಕಡೆ ಉಳಿಯಿತು. ಆ ಕಡೆ ನೋಡಲು ಮಾತ್ರ ನನಗೆ ಧೈರ್ಯ ಬರಲಿಲ್ಲ. ಹೆದರಿಕೆಯಾಗಿತ್ತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಕಿವಿ ಹೋದರೆ ಕುರ್ಚಿ ಹೋಗುತ್ತದೆ, ಕುರ್ಚಿ ಹೋದರೆ ಮೂರು ತಾಲೂಕಿನಲ್ಲಿ ನಾನು ಬರೀ ಟಿಕೆಟ್ ಕೇಳುವವನು.

ಅದಕ್ಕೇ ಒಂದು ದೊಡ್ಡ ಹೆಡ್‌ಫೋನು ತರಿಸಿದೆ. ಸ್ಪರ್ಧೆಗಳಲ್ಲಿ ಫೋನಿನಲ್ಲಿ ಹಿಡಿದುಕೊಂಡ ಭಜನೆಗಳನ್ನು ಅದರಲ್ಲಿ ಹತ್ತಿರದಿಂದ ಕೇಳಿ, ನನಗೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಉಪಾಯ. ಹೆಡ್‌ಫೋನು ಬಂತು. ಅದರ ಪಿನ್ನು ತೂರಿಸಲು ಫೋನಿಗೆ ತೂತೇ ಇರಲಿಲ್ಲ. ಮೊದಲಿನ ಫೋನುಗಳಿಗೆಲ್ಲ ಇದ್ದ ತೂತನ್ನು ಯಾರು ಯಾಕೆ ಮುಚ್ಚಿದರು ಎಂಬುದೇ ಒಂದು ತನಿಖೆಯ ವಿಷಯ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ಸಿಕ್ಕಿಸಿ ಕೇಳಿದರೆ, ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿದವರು ಒಳಗಿನಿಂದ ಮಾತಾಡಿದ ಹಾಗೆ ಕೇಳಿಸಿತು.

ದಿನಾ ಅರಭಾವಿಗೆ ಬಸ್ಸಿನಲ್ಲಿ ಓಡಾಡುವ ಪಾಟೀಲ ಸರ್ ಅಂತ ಒಬ್ಬರಿದ್ದಾರೆ. ಅಲ್ಲಿಯ ತೋಟಗಾರಿಕೆ ಕಾಲೇಜಿನಲ್ಲಿ ಹಣ್ಣಿನ ಗಿಡಗಳ ಪಾಠ ಹೇಳುವವರು. ಕಿವಿಗೆ ಏನಾದರೂ ಸಿಕ್ಕಿಸಿಕೊಂಡೇ ಇರುತ್ತಾರೆ. ಅವರ ಪಾಸು ನೋಡುತ್ತ ನನ್ನ ಕಷ್ಟ ಹೇಳಿಕೊಂಡೆ. "ಸಾಹೇಬ್ರ, ಫೋನಿನ್ಯಾಗ ಹಾಡ ಇರಂಗಿಲ್ರಿ, ಬರೇ ಅಂಕಿ ಇರ್ತಾವ" ಎಂದರು. "ಅಂಕೀನ ಧ್ವನಿ ಮಾಡೂದು ಒಂದ ಕೆಲಸ. ಆ ಧ್ವನಿಗೆ ಕಸುವು ಕೊಡೂದು ಇನ್ನೊಂದ ಕೆಲಸ. ದೊಡ್ಡ ಹೆಡ್‌ಫೋನಿಗೆ ಫೋನಿನ ಕಸುವು ಸಾಲಂಗಿಲ್ಲ. ಎರಡೂ ಕೆಲಸ ಮಾಡೂ ಒಂದ ಡಬ್ಬಿ ಬರ್ತೈತಿ, ಡ್ಯಾಕ್-ಆಂಪ್ ಅಂತಾರ. ಅದನ್ನ ತಗೋರಿ." ಒಬ್ಬನೇ ಎರಡು ಕೆಲಸ ಮಾಡುತ್ತಾನೆ ಎಂದ ಕೂಡಲೇ ನನ್ನ ಹುಬ್ಬು ಮೇಲೇರಿತು. ನಮ್ಮ ಕಚೇರಿಯಲ್ಲಿ ಎರಡು ಟೇಬಲ್ಲಿನ ಜವಾಬ್ದಾರಿ ಹೊತ್ತವರು ಯಾವ ಟೇಬಲ್ಲಿನಲ್ಲಿಯೂ ಸಿಗುವುದಿಲ್ಲ.

ಆದರೂ ಇಂಟರ್ನೆಟ್ಟಿನಲ್ಲಿ ಹುಡುಕಾಡಿದೆ. ಹುಡುಕಿದಷ್ಟೂ ಸಂಶಯಕ್ಕೆ ಹಬ್ಬವೋ ಹಬ್ಬ. ಒಬ್ಬ ಈ ಡಬ್ಬಿಯ ಧ್ವನಿ ಬೆಚ್ಚಗಿದೆ ಎಂದು ಬರೆದಿದ್ದ, ರೊಟ್ಟಿಯ ವಿಷಯವೇನೋ ಎಂಬಂತೆ. ಇನ್ನೊಬ್ಬನಿಗೆ ಧ್ವನಿಯ ಹಿಂದೆ ಕಡುಗಪ್ಪು ಕತ್ತಲೆ ಕಂಡಿತ್ತು. ಮತ್ತೊಬ್ಬ ಯಾವ ಡಬ್ಬಿ ಆದರೂ ಒಂದೇ, ಎಲ್ಲ ಕಿವಿಯ ಭ್ರಮೆ ಎಂದರೆ, ಅದರ ಕೆಳಗೇ ಒಬ್ಬ ವೈರು ಬದಲಿಸಿದರೆ ಹಾಡುವವನ ಉಸಿರೂ ಬದಲಾಗುತ್ತದೆ ಎಂದು ಆಣೆ ಮಾಡಿದ್ದ. ಡಬ್ಬಿಯ ಗುಣ ತೋರಿಸಲು ಒಂದು ನಕ್ಷೆ ಹಾಕಿದ್ದರು. ಅದರಲ್ಲಿ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗಿನ ಒಂದೇ ಗೆರೆ. ಅಷ್ಟು ನೆಟ್ಟಗಿನ ಗೆರೆಯನ್ನು ನಾನು ನಮ್ಮ ಕಡೆಯ ರಸ್ತೆಯಲ್ಲಾಗಲಿ, ಮನುಷ್ಯರಲ್ಲಾಗಲಿ ನೋಡಿಲ್ಲ. ಧ್ವನಿ ಕೆಡುವ ಪ್ರಮಾಣ ಎಂದು ಬಿಂದುವಿನ ಮುಂದೆ ಸೊನ್ನೆಗಳ ಮೆರವಣಿಗೆಯೇ ಇತ್ತು. ಇಷ್ಟು ಸೊನ್ನೆಗಳನ್ನು ಯಾರು ಕಿವಿಯಿಟ್ಟು ಎಣಿಸಿದರು ಎಂದು ಎಲ್ಲಿಯೂ ಬರೆದಿರಲಿಲ್ಲ. ಎಲ್ಲ ಹೊಗಳಿಕೆಯ ಕೊನೆಗೂ 'ಕೊಳ್ಳಲು ಇಲ್ಲಿ ಒತ್ತಿ' ಎಂದಿತ್ತು. ನಾನು ಎಲ್ಲಿಯೂ ಒತ್ತಲಿಲ್ಲ.

ಕೊನೆಗೆ ಹುಕ್ಕೇರಿಯ ಮಕ್ತುಮನಿಗೆ ಹೇಳಿದೆ. ಮಕ್ತುಮ ನನ್ನ ಬಾಲ್ಯದ ಗೆಳೆಯ. ಅವನ ಅಪ್ಪ, ನನ್ನ ಅಪ್ಪ ಇಬ್ಬರೂ ಮೂಡಲಗಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದವರು. ನಾವಿಬ್ಬರೂ ಎತ್ತುಗಳ ಕಾಲ ಸಂದಿಯಲ್ಲಿ ಗೋಲಿ ಆಡಿ ಬೆಳೆದವರು. ಈಗ ಅವನಿಗೆ ಹುಕ್ಕೇರಿಯಲ್ಲಿ ಫ್ಯಾನು, ಮಿಕ್ಸರು, ಸ್ಪೀಕರುಗಳ ಅಂಗಡಿ. ಮದುವೆ, ಉರುಸು, ಗಣಪತಿ ಎಲ್ಲಕ್ಕೂ ಅವನದೇ ಸೌಂಡು. ಮಾತಿನಲ್ಲಿ ಬಡಾಯಿ ಸ್ವಲ್ಪ ಜಾಸ್ತಿ, ಆದರೆ ಮಾಲಿನಲ್ಲಿ ಮೋಸವಿಲ್ಲ ಎಂದು ಊರಿನವರು ಹೇಳುತ್ತಾರೆ. ಊರಿನವರು ಹೇಳುತ್ತಾರೆ ಎಂಬಷ್ಟನ್ನೇ ನಾನು ಹೇಳಬಲ್ಲೆ. ಅವನು ಪುಣೆಯಿಂದ ಡಬ್ಬಿ ತರಿಸಿದ. ಕರದಂಟಿನ ಅರ್ಧ ಕಿಲೋ ಪೊಟ್ಟಣದಷ್ಟು ದೊಡ್ಡದು, ಮುಂದೆ ಒಂದು ದುಂಡನೆಯ ಗುಂಡಿ, ಒಂದು ಕೆಂಪು ದೀಪ. "ಲೇ ಬಸು, ಇದರಾಗ ಕೇಳು. ತಾಳ ಹೊಡಿಯಾಂವ ಉಂಗುರ ಹಾಕ್ಯಾನೋ ಇಲ್ಲೋ ಅನ್ನೂದು ತಿಳೀತೈತಿ ನಿನಗ" ಎಂದು ಕೈಗಿಟ್ಟ.

ಉಂಗುರ ಹೋಗಲಿ, ನನಗೆ ತಾಳವೇ ಸರಿಯಾಗಿ ತಿಳಿಯಲಿಲ್ಲ. ಹೋಲಿಸಿ ನೋಡಲೆಂದು ಪಾಟೀಲ ಸರ್ ಅದೇ ಕೆಲಸ ಮಾಡುವ ತಮ್ಮದೊಂದು ಸಣ್ಣ ಉಪಕರಣ ಕೊಟ್ಟಿದ್ದರು. ಹೆಬ್ಬೆರಳಿನಷ್ಟಿದ್ದು, ಫೋನಿನ ತುದಿಗೆ ಬಾಲದಂತೆ ಜೋತು ಬೀಳುತ್ತಿತ್ತು. ಅದನ್ನು ನಾನು ಬಾಲ ಎಂದೇ ಕರೆಯುತ್ತಿದ್ದೆ. ಡ್ಯೂಟಿ ಮುಗಿಸಿ ಬಂದು ಸಂಜೆ ಚಹಾ ಕುಡಿಯುತ್ತ ಒಮ್ಮೆ ಬಾಲದಲ್ಲಿ, ಒಮ್ಮೆ ಡಬ್ಬಿಯಲ್ಲಿ ಅದೇ ಭಜನೆ ಕೇಳಿದೆ. ಎರಡರಲ್ಲಿಯೂ ತಾಳಗಳು ಬಟ್ಟೆ ಸುತ್ತಿಕೊಂಡೇ ಇದ್ದವು. ಫರಕೇ ಇಲ್ಲ! ಮನುಷ್ಯನಿಗೆ ಸಂಶಯ ಬರಲು ಇನ್ನೇನು ಬೇಕು? ಡಬ್ಬಿಯನ್ನು ಅಲ್ಲಾಡಿಸಿದೆ. ಕೆಳಗಿನ ಸ್ಟಿಕ್ಕರು ತುಸು ಓರೆಯಾಗಿ ಕಂಡಿತು. ಖಾಲಿ ಡಬ್ಬಿಗೆ ಭಾರ ಬರಲೆಂದು ಕಬ್ಬಿಣದ ತುಂಡು ಅಂಟಿಸಿ ಮಾರುವವರಿದ್ದಾರೆ ಎಂದು ಎಲ್ಲೋ ಓದಿದ್ದು ನೆನಪಾಗಿ, ಅದನ್ನು ಕರದಂಟಿನ ಅಂಗಡಿಯ ತಕ್ಕಡಿಗೆ ಒಯ್ದೆ. ಅಂಗಡಿಯವನು ಡಬ್ಬಿಯನ್ನು ತಿರುವಿ ತಿರುವಿ ನೋಡಿ, "ಇಷ್ಟ ತೂಕದ್ದ ಕರದಂಟ ಕಟ್ಟಲೇನ್ರಿ ಸಾಹೇಬ್ರ?" ಎಂದ. ಕಂಪನಿಯವರು ಹೇಳಿದ ತೂಕಕ್ಕಿಂತ ಚೂರು ಹೆಚ್ಚೇ ಬಂತು. ಕಡಿಮೆ ಬಂದಿದ್ದರೆ ಒಳಗೆ ಏನೋ ಇಲ್ಲವೆಂದು ಸಂಶಯ ಬರುತ್ತಿತ್ತು, ಹೆಚ್ಚು ಬಂದದ್ದರಿಂದ ಒಳಗೆ ಏನೋ ಇದೆಯೆಂದು ಸಂಶಯ ಬಂತು.

ಸುನಂದಾ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು, ತಾನೂ ಕೇಳಿದಳು. ಮೊದಲು ಬಾಲ, ಆಮೇಲೆ ಡಬ್ಬಿ. "ಅಯ್ಯ, ಎಷ್ಟ ಫರಕ ಐತಲ್ರಿ!" ಎಂದಳು. "ಡಬ್ಬಿಯೊಳಗ ತಾಳ ಛಿಲ್ ಛಿಲ್ ಅಂತಾವ. ಅದರಾಗ ಮಂದ ಅದಾವ." ನಾನು ಅವಳ ಮುಖವನ್ನೇ ನೋಡಿದೆ. ಹೋದ ವರ್ಷ ನಮ್ಮ ಮಿಕ್ಸರು ಕೆಟ್ಟಾಗ ಮಕ್ತುಮ ಮನೆಗೇ ಬಂದು ರಿಪೇರಿ ಮಾಡಿಕೊಟ್ಟು ಹೋಗಿದ್ದ. ಆ ಉಪಕಾರ ಅವಳ ಬಾಯಿಂದ ಮಾತಾಡುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಹಾಗೆಯೇ ಅಂದೆ. ಅವಳು ಹೆಡ್‌ಫೋನು ತೆಗೆದಿಟ್ಟು, ನಗದೆ, ಮೆತ್ತಗೆ ಹೇಳಿದಳು: "ಒಂದ ಸಲ ಕಿವಿ ತೋರಸ್ರಿ ಡಾಕ್ಟರಿಗೆ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ತಾಲೂಕು ಮೆಚ್ಚಿದ ಕಿವಿಯನ್ನು ಒಲೆಯ ಮುಂದಿನಿಂದ ಎದ್ದು ಬಂದು ಪರೀಕ್ಷೆ ಮಾಡಲು ನೀನು ಯಾರು ಎಂದು ಕೂಗಾಡಿದೆ. ಕೂಗಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆದರಿಕೆಯೇ ಇತ್ತು. ಅವಳಿಗೂ ಅದು ಗೊತ್ತಾಗಿರಬೇಕು, ಮತ್ತೆ ರೊಟ್ಟಿ ಬಡಿಯಲು ಒಳಗೆ ಹೋದಳು.

ನಾನು ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮರುದಿನ ಮೂಡಲಗಿಯಲ್ಲಿ ಬಸ್ಸಿಳಿದು, ಸಂತೆಯ ಬಾಜೂವಿನ ಚಹಾದಂಗಡಿಯಲ್ಲಿ ಭಜನೆಯ ಮಂದಿ ಸಿಕ್ಕಾಗ, ಮಕ್ತುಮ ನನಗೆ ಡೂಪ್ಲಿಕೇಟ್ ಡಬ್ಬಿ ಕೊಟ್ಟಿದ್ದಾನೆ ಎಂದು ಹೇಳಿಬಿಟ್ಟೆ. ಆ ಮಾತು ನಾನು ಹತ್ತುವ ಬಸ್ಸಿಗಿಂತ ಮೊದಲು ಹುಕ್ಕೇರಿ ಮುಟ್ಟಿತು. ಮಾರನೆಯ ದಿನ ಮಕ್ತುಮನ ಫೋನು ಬಂತು. ಅವನು ಕೂಗಾಡಲಿಲ್ಲ, ಅದೇ ಕಷ್ಟವಾಯಿತು. "ಬಸು, ಇಬ್ರು ಗಿರಾಕಿ ಮುಂಜಾನಿಂದ ಮಾಲು ವಾಪಸ್ ತಂದಾರ. ನಾ ನಿನಗ ಖೊಟ್ಟಿ ಮಾಲು ಕೊಡ್ತೇನೇನೋ? ಆಗಲಿ. ಸಂತಿ ದಿನ ಮೂಡಲಗಿಗೆ ಬರ್ತೇನಿ. ನಾಕ್ ಮಂದಿ ಮುಂದ ಕೇಳಿ ಹೇಳು. ಡಬ್ಬಿ ಸುಳ್ಳೋ, ನೀ ಸುಳ್ಳೋ, ಗೊತ್ತಾಗಲಿ." ಪರೀಕ್ಷೆ ಬೇಡವೆಂದರೆ ನಾನು ಗೆಳೆಯನ ಹೆಸರು ಕೆಡಿಸಿದವನು. ಪರೀಕ್ಷೆಗೆ ಕುಳಿತು ಯಾವುದು ಯಾವುದೆಂದು ತಿಳಿಯದೆ ಹೋದರೆ, ತಾಳ ಕೇಳದವನು ತಾಳದ ತೀರ್ಪು ಹೇಗೆ ಕೊಟ್ಟ ಎಂದು ಊರೆಲ್ಲ ಕೇಳುತ್ತದೆ. ಆಗಲಿ ಎಂದೆ.

ಸಂತೆಯ ದಿನ ಚಹಾದಂಗಡಿಯ ಬೆಂಚುಗಳು ತುಂಬಿದ್ದವು. ಮೇಲವಂಕಿ ಮೇಳದ ಮುಖಂಡ ರಾಮಪ್ಪ, ನಾಗನೂರಿನ ತಾಳದವರು, ಅರಭಾವಿಯಿಂದ ಪಾಟೀಲ ಸರ್, ಎಲ್ಲರೂ ಬಂದಿದ್ದರು. ನೀವೂ ಒಮ್ಮೆ ಕೇಳಿ ನೋಡಿ ಎಂದರೆ ರಾಮಪ್ಪ ಎರಡೂ ಕೈ ಎತ್ತಿಬಿಟ್ಟರು. "ನಿಮ್ಮ ಕಿವಿ ಇರೂವಾಗ ನಮ್ಮ ಕಿವಿ ಯಾಕ ಬೇಕ್ರಿ ಸಾಹೇಬ್ರ?" ಮಕ್ತುಮ ಹೆಗಲ ಮೇಲಿನ ವಲ್ಲಿ ತೆಗೆದು ಟೇಬಲ್ಲಿನ ಮೇಲೆ ಹಾಸಿದ. ಅದರ ಕೆಳಗೆ ಡಬ್ಬಿ, ಬಾಲ ಎರಡನ್ನೂ ಇಟ್ಟ. ಪಾಟೀಲ ಸರ್ ಎರಡರ ಧ್ವನಿಯ ಜೋರನ್ನೂ ಸಮ ಮಾಡಿದರು. ಒಂದರಲ್ಲಿ ಜೋರು ಹೆಚ್ಚಿದ್ದರೆ ಅದೇ ಚೆಂದವೆನಿಸುತ್ತದಂತೆ. ಮಕ್ತುಮ ವಲ್ಲಿಯ ಒಳಗೆ ಕೈ ಹಾಕಿ ಹೆಡ್‌ಫೋನಿನ ಪಿನ್ನನ್ನು ತನಗೆ ಬೇಕಾದುದಕ್ಕೆ ಸಿಕ್ಕಿಸಬೇಕು, ನಾನು ಕೇಳಿ ಇದು ಡಬ್ಬಿ, ಇದು ಬಾಲ ಎಂದು ಹೇಳಬೇಕು, ಪಾಟೀಲ ಸರ್ ಪಿನ್ನು ಸಿಕ್ಕಿಸಿದಾಗಲೊಮ್ಮೆ ಹಿಂದಿನಿಂದ ಇಣುಕಿ ನೋಡಿಕೊಂಡು ಎಲ್ಲ ಮುಗಿದ ಮೇಲೆ ಫಲಿತಾಂಶ ಹೇಳಬೇಕು ಎಂದು ನಿಶ್ಚಯವಾಯಿತು.

ಇಷ್ಟಕ್ಕೆ ನನ್ನ ಸಂಶಯ ಸುಮ್ಮನಿರುತ್ತದೆಯೇ? ಒಳಗೆ ಕೈ ಇರುವವನು ಗುಂಡಿ ತಿರುವಿ ಧ್ವನಿ ಹೆಚ್ಚುಕಡಿಮೆ ಮಾಡಿದರೆ? "ನನ್ನ ಕೈನೂ ಒಳಗ ಇರಬೇಕು, ನಿನ್ನ ಕೈ ಹಿಡಕೊಂಡಽ ಕುಂಡ್ರತೇನಿ" ಎಂದು ಹಟ ಹಿಡಿದೆ. ಮಂದಿ ನಕ್ಕರು. ದನದ ಸಂತೆಯ ವ್ಯಾಪಾರ ನೋಡಿದವರಿಗೆ ಅದು ಹೊಸದೇನೂ ಅಲ್ಲ. ಅಲ್ಲಿ ಯಾರೂ ಬಾಯಿಬಿಟ್ಟು ದರ ಹೇಳುವುದಿಲ್ಲ. ವಲ್ಲಿಯ ಕೆಳಗೆ ಕೈಯೊಳಗೆ ಕೈ ಇಟ್ಟು ಬೆರಳು ಹಿಡಿದೇ ಮಾತು ಮುಗಿಸುತ್ತಾರೆ. ಹೊರಗೆ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆಯೇ ಹೊರತು ವ್ಯವಹಾರ ಕಾಣುವುದಿಲ್ಲ. ನಮ್ಮ ಅಪ್ಪಂದಿರು ತಮ್ಮಿಬ್ಬರ ನಡುವೆ ಇನ್ನೂ ಒಂದು ಗುಟ್ಟಿನ ಭಾಷೆ ಇಟ್ಟುಕೊಂಡಿದ್ದರು. ತೋರುಬೆರಳು ಒತ್ತಿದರೆ ದನ ಗಟ್ಟಿ, ತಗೋ ಎಂದರ್ಥ. ಕಿರುಬೆರಳು ಮಡಚಿದರೆ ಐಬಿದೆ, ಬಿಡು ಎಂದರ್ಥ. ಅದು ಅವರ ಮಕ್ಕಳಾದ ನಮಗೂ ಬರುತ್ತಿತ್ತು.

ಹೆಡ್‌ಫೋನು ಹಾಕಿಕೊಂಡೆ. ಭಜನೆ ಸುರುವಾಯಿತು. ಬಟ್ಟೆ ಸುತ್ತಿದ ತಾಳ. ಡಬ್ಬಿಯೋ ಬಾಲವೋ ದೇವರಿಗೇ ಗೊತ್ತು. ಕಣ್ಣು ಮುಚ್ಚಿಕೊಂಡು ತಲೆದೂಗುತ್ತ, ಒಳಗೊಳಗೇ ಬೆವರುತ್ತ ಕುಳಿತಿದ್ದಾಗ, ವಲ್ಲಿಯ ಕೆಳಗೆ ಮಕ್ತುಮ ನನ್ನ ತೋರುಬೆರಳನ್ನು ಮೆಲ್ಲಗೆ ಒತ್ತಿದ. ಛಲೋ ಮಾಲು, ಎಂದರೆ ಡಬ್ಬಿ! ನಾನು ಕಣ್ಣು ತೆರೆದು ಅವನ ಮುಖ ನೋಡಿದೆ. ಅವನು ರಸ್ತೆಯಲ್ಲಿ ಹೋಗುವ ಎಮ್ಮೆ ನೋಡುತ್ತಿದ್ದ. ಆಗ ನನ್ನ ತಲೆ ಓಡಿದ ಓಟ ಕೇಳಿ. ಇವನ ಮೇಲೆ ಆರೋಪ ಹೊರಿಸಿದವನು ನಾನು. ನನಗೆ ಇವನು ಯಾಕೆ ಸಹಾಯ ಮಾಡುತ್ತಾನೆ? ದಲಾಲಿಯ ಮಗ. ತಪ್ಪು ಬೆರಳು ಒತ್ತಿ ನನ್ನಿಂದ ತಪ್ಪು ಹೇಳಿಸಿದರೆ, ಸಾಹೇಬರ ಕಿವಿ ಹೋಗಿದೆ, ಡಬ್ಬಿಗೆ ಏನೂ ಆಗಿಲ್ಲ ಎಂದು ಎಲ್ಲರೂ ಅನ್ನುತ್ತಾರೆ, ಇವನ ಅಂಗಡಿ ಉಳಿಯುತ್ತದೆ. ಆಹಾ, ಸಿಕ್ಕಿಬಿದ್ದೆ ಮಗನೆ! "ಇದು ಬಾಲ" ಎಂದು ಗಟ್ಟಿಯಾಗಿ ಹೇಳಿದೆ. ಮುಂದಿನ ಸಲ ಅವನು ಕಿರುಬೆರಳು ಮಡಚಿದ, ನಾನು "ಡಬ್ಬಿ" ಎಂದೆ. ಅವನ ಕೈ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಇನ್ನೂ ಗಟ್ಟಿಯಾಗಿ ಒತ್ತತೊಡಗಿದ, ಉಗುರು ಊರುವಷ್ಟು. ಅವನು ಗಟ್ಟಿಯಾಗಿ ಒತ್ತಿದಷ್ಟೂ ನನ್ನ ಸಂಶಯ ಗಟ್ಟಿಯಾಯಿತು. ಅವನು ಒತ್ತಿದ್ದಕ್ಕೆಲ್ಲ ವಿರುದ್ಧವಾಗಿ, ಒಂದೂ ಬಿಡದೆ ಹೇಳುತ್ತ ಹೋದೆ. ಎಲ್ಲರೂ ತಲೆದೂಗುತ್ತಿದ್ದರು.

ಮುಗಿದ ಮೇಲೆ ಪಾಟೀಲ ಸರ್ ಗಂಟಲು ಸರಿಮಾಡಿಕೊಂಡರು. "ಸಾಹೇಬ್ರು ಹೇಳಿದ್ದು ಒಂದೂ ಹೊಂದಿಲ್ರಿ. ಎಲ್ಲಾ ಉಲ್ಟಾ ಆಗೇತಿ." ನನ್ನ ಕಿವಿಯೊಳಗೆ ಬಿಸಿ ನೀರು ಸುರಿದಂತಾಯಿತು. ಕುರ್ಚಿ ಹೋಯಿತು ಎಂದುಕೊಂಡೆ. ಆದರೆ ಪಾಟೀಲ ಸರ್ ಮುಗಿಸಿರಲಿಲ್ಲ. "ಅಲ್ರಿ, ಇದರಾಗ ಒಂದ ಸೂಕ್ಷ್ಮ ಐತಿ. ಏನೂ ಕೇಳಸದ ಬರೇ ಅಂದಾಜಿಲೇ ಹೇಳಿದ್ರ ಅರ್ಧ ಆದ್ರೂ ಖರೆ ಆಗ್ತಿದ್ದು. ಒಂದೂ ತಪ್ಪದ ಉಲ್ಟಾ ಹೇಳಬೇಕಂದ್ರ ಎರಡೂ ಬ್ಯಾರೆ ಬ್ಯಾರೆ ಸ್ವಚ್ಛ ಕೇಳಿಸ್ಯಾವ ಅಂತ ಆತು." ರಾಮಪ್ಪ ತೊಡೆ ತಟ್ಟಿ ಎದ್ದು ನಿಂತರು. "ಹೌದಲ್ರಿ! ಛಲೋ ಕೇಳಿಸಿದ್ದನ್ನ ಡಬ್ಬಿ ಅಂದಾರ, ಹೊಲಸ ಕೇಳಿಸಿದ್ದನ್ನ ಬಾಲ ಅಂದಾರ. ಅಂದ್ರ ಸಾಹೇಬ್ರ ಕಿವಿ ಛಲೋ ಐತಿ, ಆ ಡಬ್ಬೀನಽ ಹೊಲಸ ಐತಿ!" ತಮ್ಮ ಬಾಲ ಗೆದ್ದ ಸಂತೋಷಕ್ಕೆ ಪಾಟೀಲ ಸರ್ ಮುಖ ಅರಳಿತು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ನನಗೆ ಸ್ಪೆಷಲ್ ಚಹಾ ಹೇಳಿದರು. ನಾಗನೂರಿನವರು ಮುಂದಿನ ಸ್ಪರ್ಧೆಗೂ ನಾನೇ ನಿರ್ಣಾಯಕ ಎಂದು ಅಲ್ಲಿಯೇ ಗಟ್ಟಿ ಮಾಡಿಕೊಂಡರು.

ಆ ಗದ್ದಲದ ನಡುವೆ ನನಗೆ ವಿಷಯ ಹೊಳೆಯಿತು. ನಾನು ಹೇಳಿದ್ದೆಲ್ಲ ಉಲ್ಟಾ ಎಂದರೆ, ಮಕ್ತುಮ ಒತ್ತಿದ್ದೆಲ್ಲ ಖರೆ. ಮೊದಲನೆಯ ಬೆರಳಿನಿಂದ ಕೊನೆಯ ಬೆರಳಿನವರೆಗೆ ಅವನು ನನಗೆ ಒಂದೂ ಸುಳ್ಳು ಹೇಳಿರಲಿಲ್ಲ. ಅವನ ಮಾತು ನಡೆಸಿದ್ದರೆ ನನ್ನ ಕಿವಿಯ ಮಾನವೂ ಉಳಿಯುತ್ತಿತ್ತು, ಅವನ ಡಬ್ಬಿಯ ಮಾನವೂ ಉಳಿಯುತ್ತಿತ್ತು. ಎಲ್ಲರೂ ನಕ್ಕು ಚಹಾ ಕುಡಿದು ಮನೆಗೆ ಹೋಗುತ್ತಿದ್ದೆವು. ನಾನು ಅವನ ಕಡೆ ನೋಡಿದೆ. ಅವನು ಈಗಲೂ ಬಾಯಿ ಬಿಡಬಹುದಿತ್ತು, ಈ ಸಾಹೇಬನಿಗೆ ಏನೂ ಕೇಳಿಸುವುದಿಲ್ಲ, ಬೆರಳು ಒತ್ತಿದವನು ನಾನು ಎಂದು ಒಂದೇ ಮಾತು ಹೇಳಿ ಗೆಲ್ಲಬಹುದಿತ್ತು. ಅವನು ಡಬ್ಬಿಯನ್ನು ವಲ್ಲಿಯಲ್ಲಿ ಗಂಟು ಕಟ್ಟಿಕೊಂಡು ಎದ್ದ. "ನಿನ್ನ ಕಿವಿಗೇನೂ ಆಗಿಲ್ಲ ಬಸು. ನನ್ನ ಡಬ್ಬೀನಽ ಸರಿ ಇರ್ಲಿಕ್ಕಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹುಕ್ಕೇರಿ ಬಸ್ಸಿಗೆ ನಡೆದ. ನಾನು ಮಾತಾಡಬೇಕಿತ್ತು. ಸ್ಪೆಷಲ್ ಚಹಾ ಬಂತು, ಕುಡಿದೆ. ಅದಕ್ಕಿಂತ ಕಹಿಯಾದುದನ್ನು ನಾನು ಕುಡಿದಿಲ್ಲ.

ಮನೆಗೆ ಬಂದು ಸುನಂದಾಳ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. "ನಾಳೆ ಹುಕ್ಕೇರಿಗೆ ಹೋಗಿ ಬರ್ರಿ. ಹಂಗಽ ದಾರಿಯೊಳಗ ಕಿವಿ ಡಾಕ್ಟರ್ ಕಡೆ ಹೋಗೂಣು, ನಾನೂ ಬರ್ತೇನಿ" ಎಂದಳು. ಡಾಕ್ಟರು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಸದ್ದು ಮಾಡದೆಯೇ ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂಬ ಸಂಶಯದಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸದ್ದು ಮಾಡಿದ್ದರಂತೆ. ವಯಸ್ಸಾದಂತೆ ಚೂಪಾದ ತೆಳು ಸ್ವರಗಳು ಮೊದಲು ಹೋಗುತ್ತವೆ ಎಂದು ಡಾಕ್ಟರು ತಿಳಿಸಿ ಹೇಳಿದರು. ತಾಳ, ಸೀಟಿ, ಸೊಳ್ಳೆ ಎಲ್ಲವೂ ಅದರಲ್ಲಿ ಬಂದವು.

ಮಕ್ತುಮನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನಾನು ಕುರ್ಚಿಯ ತುದಿಯಲ್ಲಿ ಕುಳಿತು, "ಯಾಕ ಒತ್ತಿದ್ಯೋ ಬೆರಳು?" ಎಂದು ಕೇಳಿದೆ. ಅವನು ಫ್ಯಾನಿನ ರೆಕ್ಕೆ ಒರೆಸುತ್ತಲೇ ಇದ್ದ. "ಹೋದ ಉರುಸಿನ್ಯಾಗ ಮೈಕು ಕಿರ್ ಅಂತ ಒದರಿದಾಗ ಮಂದಿ ಎಲ್ಲಾ ಕಿವಿ ಮುಚ್ಚಿಕೊಂಡ್ರು, ನೀ ಒಬ್ಬಾಂವ ಆರಾಮ ಕುಂತಿದ್ದಿ. ಅವತ್ತಽ ತಿಳೀತು ನನಗ. ಕುರ್ಚಿ ಹೋದ್ರ ನೀ ಭಾಳ ಸೊರಗತಿ ಅಂತ ಒತ್ತಿದೆ." ಆಮೇಲೆ ಬಟ್ಟೆ ಕೆಳಗಿಟ್ಟು ಹೇಳಿದ: "ಬಾಯಿ ಮಾತ ನೀ ನಂಬಂಗಿಲ್ಲ, ಅದು ಗೊತ್ತಿತ್ತು. ಬೆರಳನ್ನೂ ನಂಬಲಿಲ್ಲಲ್ಲೋ, ಅದಕ್ಕ ಹೊಟ್ಟಿ ಉರೀತು." ನನಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. ಸುನಂದಾ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡಳು. ಈಗ ಸಂಜೆ ಅದರಲ್ಲಿ ಕೇಳುವವಳು ಅವಳೇ.

ಮುಂದಿನ ಸಂತೆಗೆ ನಾನೇ ಮೂಡಲಗಿಗೆ ಹೋದೆ. ಅದೇ ಚಹಾದಂಗಡಿಯಲ್ಲಿ, ಅದೇ ಮಂದಿಯ ಮುಂದೆ ನಿಂತು, ನನ್ನ ಕಿವಿ ಹೋಗಿದೆ, ಡಬ್ಬಿ ಅಪ್ಪಟವಾದುದು, ಮಕ್ತುಮ ಬೆರಳು ಒತ್ತಿ ಖರೆ ಹೇಳಿದ, ನಾನೇ ನಂಬದೆ ಉಲ್ಟಾ ಹೇಳಿದೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದೆ. ಕೇಳಿ ಮುಗಿದ ಮೇಲೆ ರಾಮಪ್ಪ ಕಣ್ಣೊರೆಸಿಕೊಂಡರು. "ನೋಡ್ರಿಪಾ ದೊಡ್ಡ ಗುಣ! ದೋಸ್ತನ ಅಂಗಡಿ ಉಳೀಲಿ ಅಂತ ತನ್ನ ಕಿವಿಗೇ ಕಳಂಕ ಹಚ್ಚಿಕೋತಾರ!" ನಾನು ಇಲ್ಲ ಇಲ್ಲ, ಡಾಕ್ಟರೂ ಹೇಳಿದ್ದಾರೆ ಎಂದೆ. "ಡಾಕ್ಟರ್ ಮಂದಿ ಮಾತ ನೀವು ಯಾವಾಗಿಂದ ನಂಬಾಕತ್ರಿ ಸಾಹೇಬ್ರ?" ಎಂದು ನಾಗನೂರಿನವರು ನಕ್ಕರು. ನಾನು ಆಣೆ ಮಾಡಿದೆ. ಆಣೆ ಮಾಡಿದ್ದರಿಂದ ಅವರ ನಂಬಿಕೆ ಇನ್ನೂ ಗಟ್ಟಿಯಾಯಿತು. ಅಷ್ಟು ದೊಡ್ಡ ಮನುಷ್ಯನ ಗೆಳೆಯನ ಮಾಲು ಹೊಲಸಿದ್ದರೂ ಮನುಷ್ಯ ಒಳ್ಳೆಯವನಿರಬೇಕು ಎಂದು ಇಬ್ಬರು ಹುಕ್ಕೇರಿಗೆ ಹೋಗಿ ಫ್ಯಾನು ತಂದರಂತೆ, ಅಷ್ಟೇ ಲಾಭ.

ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಮಕ್ತುಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಖರೆ ಹೇಳಿದಾಗ ಯಾರೂ ನಂಬದಿದ್ರ ಹೆಂಗಾಕ್ಕೈತಿ ಅನ್ನೂದು ಈಗ ತಿಳೀತೇನೋ?" ಎಂದ. ತಿಳಿಯಿತು. ಬರುವ ಚಳಿಗಾಲದ ಸ್ಪರ್ಧೆಗೆ ಕುರ್ಚಿ ನನ್ನ ಹೆಸರಿನಲ್ಲಿಯೇ ಇದೆ, ಬೇಡವೆಂದಷ್ಟೂ ಅದರ ಮೇಲೆ ಹೊಸ ಹೊಸ ಹೊದಿಕೆ ಹಾಸುತ್ತಿದ್ದಾರೆ. ಜನ್ಮವಿಡೀ ಎಲ್ಲರ ಮೇಲೂ ಸಂಶಯಪಟ್ಟೆ, ಒಂದೇ ಒಂದು ಸಂಶಯ ಖರೆಯಾಯಿತು, ಅದು ನನ್ನ ಮೇಲಿನದು. ಅದನ್ನು ಎಲ್ಲಿ ಹೇಳಿದರೂ, ಯಾರ ಕಾಲು ಹಿಡಿದರೂ, ಮೂರು ತಾಲೂಕಿನಲ್ಲಿ ಒಬ್ಬರೂ ನಂಬುತ್ತಿಲ್ಲ.